ಮನಸ್ಸಿನ ವಿದ್ಯೆಗೊಂದು ಅರ್ಜಿ

ಕೆತ್ತಿಯ ಕಣಿವೆಯಲ್ಲಿ ಜನವರಿಯ ಸಂಜೆಯೆಂದರೆ ಬೇಗನೆ ಬಾಗಿಲು ಹಾಕಿಕೊಳ್ಳುವ ಹೊತ್ತು. ಕ್ಯಾರೆಟ್ ಹೊಲಗಳ ಮೇಲೆ ಮಂಜು ಇಳಿಯುತ್ತದೆ. ಉದಕಮಂಡಲದಿಂದ ಕೆಳಗಿಳಿಯುವ ಪುಟ್ಟ ರೈಲಿನ ಕೂಗು ಕೇಳಿತೆಂದರೆ ಮನೆಮನೆಯಲ್ಲೂ ಒಲೆಯ ಮುಂದೆ ಮಂದಿ ಸೇರುತ್ತಾರೆ. ಎರಡು ವರ್ಷಗಳ ಹಿಂದೆ ಅಂಥದೊಂದು ಸಂಜೆ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ತನ್ನ ತಂದೆಯೊಡನೆ ನಮ್ಮ ಮನೆಗೆ ಬಂದಳು. ಕೈಯಲ್ಲಿ ಕಾಗದಗಳ ಕಟ್ಟು. ತಂದೆಯ ಮುಖದಲ್ಲಿ ಅರ್ಧ ಹೆಮ್ಮೆ, ಅರ್ಧ ಆತಂಕ.

"ಮೇಷ್ಟ್ರೇ, ಇವಳು ಮನಶ್ಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡುತ್ತಾಳಂತೆ. ಊರಿನಲ್ಲಿ ಹುಚ್ಚರ ಡಾಕ್ಟರಾಗುತ್ತಾಳೆ ಎಂದು ಈಗಲೇ ಆಡಿಕೊಳ್ಳುತ್ತಿದ್ದಾರೆ. ನಾಳೆ ಸಂಬಂಧ ಕೇಳಿ ಬರುವವರಿಗೆ ಏನು ಹೇಳುವುದು? ಅದಿರಲಿ, ನೀವೊಂದು ಒಳ್ಳೆಯ ಕಾಗದ ಬರೆದುಕೊಡಿ. ನಿಮ್ಮ ಮಾತಿಗೆ ಬೆಲೆಯುಂಟು."

ನಮ್ಮ ಮಾತಿಗೆ ಎಷ್ಟು ಬೆಲೆಯುಂಟು ಎಂಬುದನ್ನು ಮುಂದಿನ ಕೆಲವು ವಾರಗಳಲ್ಲಿ ನಾವು ಚೆನ್ನಾಗಿ ಕಲಿತೆವು. ಗಡಿಯಾಚೆಯ ಅನೇಕ ಕನ್ನಡ ಮನೆಗಳಲ್ಲಿ ಇಂದು ಇದೇ ವಿಷಯ ಚರ್ಚೆಗೆ ಬರುತ್ತಿರುವುದರಿಂದ ಆ ಕಲಿಕೆಯನ್ನು ಓದುಗ ಬಂಧುಗಳ ಮುಂದಿಡುತ್ತಿದ್ದೇವೆ.

ನಮಗೆ ತಿಳಿದಿದ್ದೇನು?

ಶಿಕ್ಷಕ ತರಬೇತಿಯಲ್ಲಿ ನಾವೂ ಮನೋವಿಜ್ಞಾನವನ್ನು ಒಂದು ವಿಷಯವಾಗಿ ಓದಿದವರೇ. ಪಾವ್ಲೋವನ ನಾಯಿ, ಥಾರ್ನ್‌ಡೈಕನ ಬೆಕ್ಕು, ಬುದ್ಧಿಲಬ್ಧ, ಕಲಿಕೆಯ ನಿಯಮಗಳು—ಇವನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದು ಬಂದೆವು. ಅಷ್ಟರಿಂದಲೇ ಆ ಶಾಸ್ತ್ರ ನಮಗೆ ಗೊತ್ತೆಂಬ ಭ್ರಮೆ ಮೂವತ್ತು ವರ್ಷ ನಮ್ಮೊಡನೆ ಬಾಳಿತು.

ಆದುದರಿಂದ ಹುಡುಗಿ ಬರೆದಿದ್ದ 'ಉದ್ದೇಶ ಪತ್ರ'ವನ್ನು ಓದಿ ನಾವು ತಲೆದೂಗಿದೆವು. ಅವಳು ಅರ್ಜಿ ಹಾಕಬೇಕೆಂದಿದ್ದ ಕರ್ನಾಟಕದ ಸಂಸ್ಥೆಯೊಂದು, ಈ ವಿದ್ಯೆಯನ್ನು ಏಕೆ ಕಲಿಯಬಯಸುವಿರಿ ಎಂಬುದನ್ನು ಎರಡು ಪುಟಗಳಲ್ಲಿ ಬರೆದು ಕಳುಹಿಸಲು ಕೇಳಿತ್ತು. ಬಾಲ್ಯದಿಂದಲೂ ಮಾನವನ ಮನಸ್ಸು ತನ್ನನ್ನು ಸೆಳೆದಿದೆ, ನೊಂದವರ ಕಣ್ಣೀರೊರೆಸುವುದೇ ತನ್ನ ಬಾಳಿನ ಗುರಿ ಎಂದು ಅವಳು ಬರೆದಿದ್ದಳು. ನಾವು ಸಂತೋಷಪಟ್ಟು, ಅಲ್ಲಲ್ಲಿ ಇನ್ನಷ್ಟು ಘನವಾದ ಮಾತುಗಳನ್ನು ಸೇರಿಸಿಕೊಟ್ಟೆವು.

ಒಂದು ವಾರದ ಬಳಿಕ ಅವಳು ಹಿಂದಿರುಗಿ ಬಂದಳು. ಕೊಯಮತ್ತೂರಿನ ಕಾಲೇಜಿನಲ್ಲಿ ಅವಳಿಗೆ ಪಾಠ ಹೇಳಿದ್ದ ಅಧ್ಯಾಪಕಿಯು ಆ ಎರಡು ಪುಟಗಳ ಮೇಲೆ ಒಂದೇ ಮಾತು ಬರೆದಿದ್ದರು: ಇದನ್ನು ಯಾರು ಬೇಕಾದರೂ ಬರೆಯಬಹುದಾಗಿತ್ತು. ನಾವು ಸೇರಿಸಿದ ಘನವಾದ ಮಾತುಗಳ ಕೆಳಗೆಲ್ಲ ಗೆರೆ ಎಳೆದಿದ್ದರು.

ಯಾವ ದಾರಿ, ಯಾವ ಬಾಗಿಲು?

ನಮ್ಮ ಅಭಿಮಾನಕ್ಕೆ ಪೆಟ್ಟಾಯಿತಾದರೂ, ಅಂದಿನಿಂದ ಅವಳೊಡನೆ ಕುಳಿತು ನಾವೂ ವಿದ್ಯಾರ್ಥಿಯಾದೆವು. ಮೊದಲು ತಂದೆಯ ಆತಂಕಕ್ಕೆ ಉತ್ತರ ಬೇಕಾಗಿತ್ತು. ಮನೋವೈದ್ಯರು ಎಂ.ಬಿ.ಬಿ.ಎಸ್. ಮುಗಿಸಿ, ಅದರ ಮೇಲೆ ಮನೋವೈದ್ಯಶಾಸ್ತ್ರವನ್ನು ಓದಿದವರು, ಔಷಧ ಬರೆದುಕೊಡುವವರು. ಮನೋವಿಜ್ಞಾನಿಯ ಹಾದಿ ಬೇರೆ. ಅವರು ಕಲೆ ಅಥವಾ ವಿಜ್ಞಾನ ಪದವಿಯ ಮೂಲಕ ಬಂದವರು; ಪರೀಕ್ಷಿಸುವುದು, ಅಳೆಯುವುದು, ಮಾತಿನ ಮೂಲಕ ಚಿಕಿತ್ಸೆ ನೀಡುವುದು, ಸಂಶೋಧಿಸುವುದು ಅವರ ಕೆಲಸ. ಆಸ್ಪತ್ರೆಯಲ್ಲಿ ಮಾತ್ರವಲ್ಲದೆ ಶಾಲೆ, ಕಾರ್ಖಾನೆ, ನ್ಯಾಯಾಲಯಗಳಲ್ಲಿಯೂ ಅವರಿಗೆ ಕೆಲಸವುಂಟು.

ಈ ವಿದ್ಯೆ ನಮ್ಮ ಸೀಮೆಗೆ ಹೊಸದೂ ಅಲ್ಲ. ಭಾರತದಲ್ಲಿ ಮೊದಲ ಮನೋವಿಜ್ಞಾನ ವಿಭಾಗ 1916ರಲ್ಲಿ ಕಲ್ಕತ್ತೆಯಲ್ಲಿ ತೆರೆಯಿತು. ಅನಂತರದ ಮೊದಮೊದಲ ವಿಭಾಗಗಳಲ್ಲಿ ಒಂದು 1924ರಲ್ಲಿ ಮೈಸೂರಿನಲ್ಲಿ ಆರಂಭವಾಯಿತು. ಅದನ್ನು ಕಟ್ಟಿದ ಡಾ. ಎಂ. ವಿ. ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಕಲಿತು ಬಂದವರು. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ 'ಆಕಾಶವಾಣಿ' ಎಂಬ ಬಾನುಲಿಯನ್ನು ಆರಂಭಿಸಿದವರೂ ಅವರೇ. ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಯಾಗಿ, 1974ರಲ್ಲಿ ಅದು ಇಂದಿನ ನಿಮ್ಹಾನ್ಸ್ ರೂಪ ತಾಳಿತು. ತಮಿಳುನಾಡಿನಲ್ಲಿ ಮದರಾಸು ವಿಶ್ವವಿದ್ಯಾಲಯ, ಕೊಯಮತ್ತೂರಿನ ಭಾರತಿಯಾರ್ ವಿಶ್ವವಿದ್ಯಾಲಯಗಳಲ್ಲಿಯೂ ಈ ವಿಭಾಗಗಳಿವೆ.

ಇಷ್ಟು ಹೇಳಿದಾಗ ತಂದೆ ಸ್ವಲ್ಪ ಸಮಾಧಾನಗೊಂಡರು. "ಹಾಗಾದರೆ ಎಲ್ಲಿಗೆ ಹಾಕುವುದು?" ಎಂಬುದು ಅವರ ಮುಂದಿನ ಪ್ರಶ್ನೆ.

ಉತ್ತರ ಗುರಿಯನ್ನು ಅವಲಂಬಿಸಿದೆ. ಎರಡು ವರ್ಷದ ಎಂ.ಎ. ಅಥವಾ ಎಂ.ಎಸ್ಸಿ. ಮೊದಲ ಮೆಟ್ಟಿಲು. ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ 2022ರಿಂದ ಸ್ನಾತಕೋತ್ತರ ಸಾಮಾನ್ಯ ಪ್ರವೇಶ ಪರೀಕ್ಷೆಯುಂಟು. ಇತರ ವಿಶ್ವವಿದ್ಯಾಲಯಗಳು ತಮ್ಮದೇ ಪರೀಕ್ಷೆ, ಅಂಕ ಅಥವಾ ಸಂದರ್ಶನದ ಮೂಲಕ ಆಯ್ಕೆ ಮಾಡುತ್ತವೆ. ಪದವಿಯಲ್ಲಿ ಮನೋವಿಜ್ಞಾನ ಓದಿರಬೇಕೆಂದು ಕೆಲವರು ಕೇಳಿದರೆ, ಯಾವ ಪದವಿಯಾದರೂ ಸರಿ ಎನ್ನುವವರೂ ಇದ್ದಾರೆ. ಆದರೆ ಚಿಕಿತ್ಸಾ ಮನೋವಿಜ್ಞಾನಿ ಎನಿಸಿಕೊಳ್ಳಲು ಎಂ.ಎ. ಸಾಲದು. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆಯು ಅದರ ಮೇಲೆ ಭಾರತೀಯ ಪುನರ್ವಸತಿ ಪರಿಷತ್ತಿನ ಮನ್ನಣೆ ಪಡೆದ, ರೋಗಿಗಳ ನಡುವೆ ತರಬೇತಿಯುಳ್ಳ ಎರಡು ವರ್ಷದ ಪೂರ್ಣಾವಧಿ ಎಂ.ಫಿಲ್. ಅನ್ನು ಹೇಳಿತು. ಇತರ ವಿಷಯಗಳಲ್ಲಿ ಎಂ.ಫಿಲ್. ರದ್ದಾದ ಮೇಲೂ ಇದೊಂದಕ್ಕೆ ಮತ್ತು ಮನೋವೈದ್ಯಕೀಯ ಸಮಾಜಕಾರ್ಯಕ್ಕೆ 2025–26ನೆಯ ಸಾಲಿನ ಪ್ರವೇಶದವರೆಗೆ ಅವಕಾಶ ನೀಡಲಾಯಿತು. ಆದ್ದರಿಂದ ಮುಂದೆ ಅರ್ಜಿ ಹಾಕುವವರು ಹಿಂದಿನವರ ಮಾತನ್ನು ನಂಬಿ ಕೂರದೆ, ಆಯಾ ವರ್ಷ ಪರಿಷತ್ತು ಹೊರಡಿಸುವ ಪ್ರಕಟಣೆಯನ್ನು ತಾವೇ ಓದತಕ್ಕದ್ದು.

ಇನ್ನೊಂದು ಎಚ್ಚರಿಕೆ. ಅಂಚೆ ಶಿಕ್ಷಣದ ಮೂಲಕ ಮನೆಯಲ್ಲೇ ಕುಳಿತು ಎಂ.ಎ. ಮಾಡಬಹುದೆಂದು ನಮ್ಮ ಬೆಟ್ಟದ ಹೆಣ್ಣುಮಕ್ಕಳಿಗೆ ಹೇಳುವ ಹಿರಿಯರುಂಟು. ನಾವೂ ಹಿಂದೆ ಹಾಗೆ ಹೇಳಿದ್ದುಂಟು. 2025ರ ಜುಲೈ–ಆಗಸ್ಟ್ ಸಾಲಿನಿಂದ ಮನೋವಿಜ್ಞಾನವನ್ನು ದೂರಶಿಕ್ಷಣದಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಬೋಧಿಸಬಾರದೆಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗ ಆದೇಶಿಸಿದೆ. ಇದು ದೂರದ ಊರಿನವರಿಗೆ ಕಷ್ಟವೇ ಸರಿ. ಆದರೆ ನೊಂದವನೆದುರು ಕುಳಿತುಕೊಳ್ಳುವ ವಿದ್ಯೆಯನ್ನು ಯಾರ ಎದುರೂ ಕುಳಿತುಕೊಳ್ಳದೆ ಕಲಿಯುವುದು ಹೇಗೆ?

ಹುಡುಗಿಯ ಸೋದರಮಾವ ಅಮೆರಿಕದಲ್ಲಿರುವರು. ನೇರವಾಗಿ ಅಲ್ಲಿಗೇ ಬರಲಿ ಎಂಬುದು ಅವರ ಆಸೆ. ಅಲ್ಲಿಯ ಕ್ರಮ ಬೇರೆ. 1949ರಲ್ಲಿ ಕೊಲೊರಾಡೋದ ಬೋಲ್ಡರ್ ಎಂಬಲ್ಲಿ ನಡೆದ ಸಮ್ಮೇಳನವು ಚಿಕಿತ್ಸಾ ಮನೋವಿಜ್ಞಾನಿ ವಿಜ್ಞಾನಿಯೂ ಆಗಿರಬೇಕೆಂದು ನಿರ್ಧರಿಸಿತು. ಆದ್ದರಿಂದ ಪಿಎಚ್.ಡಿ.ಗೆ ಅರ್ಜಿ ಹಾಕುವವನಲ್ಲಿ ಅವರು ಮೊದಲು ನೋಡುವುದು ಸಂಶೋಧನೆಯ ಅನುಭವವನ್ನು. ಅವನ ಆಸಕ್ತಿಗೆ ಹೊಂದುವ ಅಧ್ಯಾಪಕರು ತಮ್ಮಲ್ಲಿ ಇದ್ದಾರೆಯೇ ಎಂಬುದನ್ನು. ನೂರಾರು ಅರ್ಜಿಗಳಲ್ಲಿ ಬೆರಳೆಣಿಕೆಯಷ್ಟು ಮಂದಿಯನ್ನು ಮಾತ್ರ ಆರಿಸುತ್ತಾರೆ. ಅಂಥ ಪಿಎಚ್.ಡಿ.ಗಳಲ್ಲಿ ಸಾಮಾನ್ಯವಾಗಿ ಶುಲ್ಕದ ವಿನಾಯಿತಿ ಮತ್ತು ಜೀವನವೇತನವುಂಟು. ಸ್ನಾತಕೋತ್ತರ ಪದವಿಗೂ ವೃತ್ತಿಪರವಾದ ಸೈ.ಡಿ. ಪದವಿಗೂ ಬಹುಮಟ್ಟಿಗೆ ಸ್ವಂತ ಹಣವನ್ನೇ ಸುರಿಯಬೇಕು. ಚಹಾ ತೋಟದ ಒಂದೆಕರೆಯನ್ನು ಅಡವಿಡುವ ಮೊದಲು ಈ ವ್ಯತ್ಯಾಸವನ್ನು ತಿಳಿದಿರುವುದು ಒಳಿತು. ಹುಡುಗಿ ತಾನೇ ತೀರ್ಮಾನಿಸಿದಳು: ಮೊದಲು ಇಲ್ಲಿಯ ಎಂ.ಎಸ್ಸಿ., ಆಮೇಲೆ ಉಳಿದದ್ದು.

ಎರಡನೆಯ ಕರಡು

ದಾರಿ ನಿಶ್ಚಯವಾಯಿತು, ಉದ್ದೇಶ ಪತ್ರ ಉಳಿಯಿತು. ಡ್ರೂ ಆ್ಯಪಲ್‌ಬಿ ಮತ್ತು ಕ್ಯಾರನ್ ಆ್ಯಪಲ್‌ಬಿ ಎಂಬ ಅಮೆರಿಕದ ಇಬ್ಬರು ವಿದ್ವಾಂಸರು 2006ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವನ್ನು ಆ ಅಧ್ಯಾಪಕಿಯು ಅವಳಿಗೆ ಓದಲು ಕೊಟ್ಟಿದ್ದರು. ಯಾವ ತಪ್ಪಿನಿಂದ ಒಳ್ಳೆಯ ಅರ್ಜಿಯೂ ತಿರಸ್ಕೃತವಾಗುತ್ತದೆಂದು ಅವರು ಮನೋವಿಜ್ಞಾನ ವಿಭಾಗಗಳ ಪ್ರವೇಶ ಸಮಿತಿಗಳ ಮುಖ್ಯಸ್ಥರನ್ನೇ ಕೇಳಿ ತಿಳಿದರು. ಉತ್ತರಗಳು ಐದು ಬಗೆಯಾಗಿದ್ದುವು: ಹಾನಿ ಮಾಡುವ ಆತ್ಮನಿವೇದನೆ, ಹಾನಿ ಮಾಡುವ ಶಿಫಾರಸು ಪತ್ರ, ಸೇರಬಯಸುವ ವಿಭಾಗದ ಬಗ್ಗೆ ಅಜ್ಞಾನ, ಕೆಟ್ಟ ಬರವಣಿಗೆ, ಮೆಚ್ಚಿಸಹೋಗಿ ಕೆಡಿಸಿಕೊಂಡದ್ದು. ತನ್ನ ಮನೋವ್ಯಥೆಯನ್ನೆಲ್ಲ ತೋಡಿಕೊಳ್ಳುವುದು, ಲೋಕೋದ್ಧಾರದ ಮಾತನ್ನು ಅತಿಯಾಗಿ ಆಡುವುದು—ಇವೆಲ್ಲ ಆ ಪಟ್ಟಿಯಲ್ಲಿ ಇದ್ದುವು. ನಾವು ಮೆಚ್ಚಿದ್ದ ಮೊದಲ ಕರಡಿನಲ್ಲಿ ಈ ಐದರಲ್ಲಿ ಮೂರಾದರೂ ಇದ್ದುವೆಂದು ಒಪ್ಪಿಕೊಳ್ಳಲೇಬೇಕು.

ಹುಡುಗಿ ಎರಡನೆಯ ಕರಡನ್ನು ತಂದಳು. ಆದರೆ ಈ ಸಲ ನಮ್ಮ ಕೈಗೆ ಕೊಡಲು ಹಿಂಜರಿದಳು. "ಸಾರ್, ಇದರಲ್ಲಿ ನಮ್ಮ ಶಾಲೆಯ ಸಂಗತಿಯುಂಟು. ಓದಿ, ಬೇಡವೆಂದರೆ ತೆಗೆಯುತ್ತೇನೆ" ಎಂದಳು.

ಅದರಲ್ಲಿ ಇದ್ದುದು ಅವಳ ತಮ್ಮನ ಕಥೆ. ಅವನು ನಮ್ಮಲ್ಲೇ ಓದಿದವನು. ಬಾಯಿಲೆಕ್ಕದಲ್ಲಿ ಚುರುಕು, ಕೈಗೆ ಪುಸ್ತಕ ಕೊಟ್ಟರೆ ಬೆವರುತ್ತಿದ್ದ. ಅಕ್ಷರಗಳನ್ನು ಹಿಂದುಮುಂದಾಗಿ ಓದುತ್ತಿದ್ದ, ಓದಿದ ಸಾಲಿಗೇ ಮತ್ತೆ ಬರುತ್ತಿದ್ದ. ಅವನನ್ನು ಹಿಂದಿನ ಬೆಂಚಿನಲ್ಲಿ ಕೂರಿಸಿ, ಪ್ರಗತಿಪತ್ರದಲ್ಲಿ 'ಮಂದಬುದ್ಧಿ' ಎಂದು ಬರೆದವರು ನಾವು. ಮನೆಯಲ್ಲಿ ಒಂದು ನುಡಿ, ಬೀದಿಯಲ್ಲಿ ತಮಿಳು, ಪುಸ್ತಕದಲ್ಲಿ ಇಂಗ್ಲಿಷ್. ಇಷ್ಟು ಹೊರೆ ಹೊರಲಾರದವನೆಂದು ನಮ್ಮ ತೀರ್ಮಾನ. ಎಂಟನೆಯ ತರಗತಿಯ ಬಳಿಕ ಅವನು ಶಾಲೆ ಬಿಟ್ಟ. ಅನಂತರ ಬಂಧುಗಳೊಬ್ಬರು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದೊಯ್ದಾಗ ತಿಳಿದದ್ದು ಇಷ್ಟು: ಹುಡುಗನ ಬುದ್ಧಿಗೆ ಕುಂದಿಲ್ಲ, ಇರುವುದು ಓದಿನ ಕಲಿಕಾ ನ್ಯೂನತೆ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯಲ್ಲಿ ಇದಕ್ಕೆ ಸ್ಥಾನವಿದೆ. ಪ್ರಮಾಣಪತ್ರವಿದ್ದರೆ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರಹಗಾರನ ನೆರವು ಸಿಗುತ್ತದೆ. ಅಷ್ಟರಲ್ಲಿ ಅವನ ಶಾಲೆಯ ವರ್ಷಗಳು ಕಳೆದುಹೋಗಿದ್ದುವು.

ನಾವು ಆ ಪುಟಗಳನ್ನು ಎರಡು ಬಾರಿ ಓದಿದೆವು. ತರಬೇತಿಯಲ್ಲಿ ನಾವು ಬಾಯಿಪಾಠ ಮಾಡಿದ್ದ ಬಿನೆ ಎಂಬ ಫ್ರಾನ್ಸಿನ ವಿದ್ವಾಂಸನು 1905ರಲ್ಲಿ ತನ್ನ ಬುದ್ಧಿ ಪರೀಕ್ಷೆಯನ್ನು ಮಾಡಿದ್ದು ಮಕ್ಕಳನ್ನು ಹಿಂದಿನ ಬೆಂಚಿಗೆ ತಳ್ಳಲಿಕ್ಕಲ್ಲ. ಯಾರಿಗೆ ಬೇರೆ ಬಗೆಯ ಪಾಠ ಬೇಕೆಂದು ಕಂಡುಕೊಳ್ಳಲಿಕ್ಕೆ. 1930ರ ದಶಕದಲ್ಲಿ ಡಾ. ವಿ. ವಿ. ಕಾಮತರು ಆ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಆಡುವ ಮಕ್ಕಳಿಗೆ ಒಗ್ಗಿಸಿ ಬೊಂಬಾಯಿ–ಕರ್ನಾಟಕ ಪರಿಷ್ಕರಣೆಯನ್ನು ಸಿದ್ಧಪಡಿಸಿದರು. ಪರದೇಶದ ಪ್ರಶ್ನೆಗಳನ್ನು ಪರಭಾಷೆಯಲ್ಲಿ ಕೇಳಿದರೆ ಅಳೆದಂತಾಗುವುದು ಭಾಷೆಯನ್ನೇ ಹೊರತು ಬುದ್ಧಿಯನ್ನಲ್ಲ. ಅಷ್ಟು ಹಿಂದೆಯೇ ಅದಕ್ಕೆ ಪರಿಹಾರ ಹುಡುಕಿದವರು ಇದ್ದರು. ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಬಿನೆಯ ಹೆಸರನ್ನು ತಪ್ಪಿಲ್ಲದೆ ಬರೆದು ಅಂಕ ಪಡೆದ ನಾವು, ನಮ್ಮ ತರಗತಿಯಲ್ಲಿ ಕುಳಿತಿದ್ದ ಹುಡುಗನನ್ನು ಕಾಣದೆ ಹೋದೆವು.

"ತೆಗೆಯಬೇಡಮ್ಮ" ಎಂದೆವು. "ಇದ್ದದ್ದು ಇದ್ದ ಹಾಗೆಯೇ ಇರಲಿ."

ಆದರೆ ಅವಳೇ ಇನ್ನೆರಡು ತಿದ್ದುಪಡಿ ಮಾಡಿದಳು. ಕಥೆ ತಮ್ಮನದಾದ್ದರಿಂದ ಅವನ ಒಪ್ಪಿಗೆ ಕೇಳಿದಳು. "ಬರಿ ಅಕ್ಕ, ನನ್ನ ಹೆಸರು ಮಾತ್ರ ಹಾಕಬೇಡ" ಎಂದನಂತೆ. ಎರಡನೆಯದಾಗಿ, ಆ ಪ್ರಸಂಗವನ್ನು ಒಂದೇ ಖಂಡಿಕೆಗೆ ಇಳಿಸಿ, ಪದವಿಯ ಕೊನೆಯ ವರ್ಷ ತಾನು ಮಾಡಿದ ಕೆಲಸಕ್ಕೆ ಉಳಿದ ಜಾಗವನ್ನು ಕೊಟ್ಟಳು. ನಮ್ಮ ಕಣಿವೆಯ ಸಂಜೆ ತರಗತಿಯೊಂದರಲ್ಲಿ ಹನ್ನೆರಡು ಮಕ್ಕಳೊಡನೆ ಕುಳಿತು, ಅವರು ತಮಿಳಿನಲ್ಲಿಯೂ ಇಂಗ್ಲಿಷಿನಲ್ಲಿಯೂ ಓದುವಾಗ ಮಾಡುವ ತಪ್ಪುಗಳನ್ನು ಬರೆದಿಟ್ಟು, ಎರಡರಲ್ಲೂ ಎಡವುವವರಾರು, ಪರಿಚಯವಿಲ್ಲದ ನುಡಿಯಲ್ಲಿ ಮಾತ್ರ ಎಡವುವವರಾರು ಎಂದು ಅವಳು ನೋಡಿದ್ದಳು. ಮಾದರಿ ಬಹಳ ಚಿಕ್ಕದು, ಇದರಿಂದ ಏನನ್ನೂ ಸಿದ್ಧಪಡಿಸಲಾಗದು, ಆದರೆ ಇಂಥ ಮಕ್ಕಳನ್ನು ಅವರ ಮನೆಮಾತಿನಲ್ಲಿ ಪರೀಕ್ಷಿಸುವುದನ್ನು ಕಲಿಯಬಯಸುತ್ತೇನೆ ಎಂದು ಮುಗಿಸಿದ್ದಳು. ಕಣ್ಣೀರೊರೆಸುವ ಮಾತು ಒಂದೂ ಇರಲಿಲ್ಲ.

ನಮ್ಮ ಬೆಟ್ಟದವರಿಗೆ ಇದರಲ್ಲಿ ಇನ್ನೊಂದು ಅರ್ಥವೂ ಉಂಟು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕೇಂಬ್ರಿಜ್ಜಿನ ಡಬ್ಲ್ಯು. ಎಚ್. ಆರ್. ರಿವರ್ಸ್ ಎಂಬ ಮನೋವಿಜ್ಞಾನಿ ನೀಲಗಿರಿಗೆ ಬಂದು ತೋಡರ ದೃಷ್ಟಿ, ವರ್ಣಜ್ಞಾನ, ಸ್ಪರ್ಶಗಳನ್ನು ಪರೀಕ್ಷಿಸಿ, 1905ರಲ್ಲಿ ಆ ಫಲಿತಾಂಶಗಳನ್ನೂ 1906ರಲ್ಲಿ ತೋಡರ ಕುರಿತ ಗ್ರಂಥವನ್ನೂ ಪ್ರಕಟಿಸಿದನು. ಅಂದು ಈ ಶಾಸ್ತ್ರದಲ್ಲಿ ಬೆಟ್ಟದ ಜನಕ್ಕಿದ್ದ ಸ್ಥಾನ ಅಳೆಯಿಸಿಕೊಳ್ಳುವವರದು. ಇಂದು ಅದೇ ಬೆಟ್ಟದ ಹುಡುಗಿ ಅಳೆಯುವ ವಿದ್ಯೆಗೆ ಅರ್ಜಿ ಹಾಕುತ್ತಿದ್ದಾಳೆ. ಮಗುವಿನ ನುಡಿ ಬಲ್ಲವರು ಅಳತೆಗೋಲು ಹಿಡಿಯುವುದು ಸಣ್ಣ ಬದಲಾವಣೆಯಲ್ಲ.

ನಾವು ಬರೆಯದ ಕಾಗದ

ಇನ್ನು ಶಿಫಾರಸು ಪತ್ರ. ತಂದೆಯವರ ಎಣಿಕೆಯಲ್ಲಿ ನಾವೊಬ್ಬರು, ಊರ ಗೌಡರೊಬ್ಬರು, ಉದಕಮಂಡಲದ ಪರಿಚಿತ ವಕೀಲರೊಬ್ಬರು ಬರೆದುಕೊಟ್ಟರೆ ಮೂರು ಪತ್ರಗಳು ತೂಕವಾಗುತ್ತವೆ. ನಾವು ಒಂದನ್ನು ಆಗಲೇ ಬರೆದಿಟ್ಟಿದ್ದೆವು: ವಿನಯಶೀಲೆ, ಸನ್ನಡತೆಯವಳು, ಗೌರವಸ್ಥ ಮನೆತನದವಳು.

ಅದನ್ನು ನಾವು ಕೊಡಲಿಲ್ಲ. ಆ್ಯಪಲ್‌ಬಿಯವರ ಅಧ್ಯಯನದಲ್ಲಿ ಹಾನಿ ಮಾಡುವ ಪತ್ರಗಳೆಂದು ಹೇಳಿದವುಗಳಲ್ಲಿ ಅಭ್ಯರ್ಥಿಯ ವಿದ್ಯೆಯನ್ನು ಬಲ್ಲವರಲ್ಲದವರು ಬರೆದ ಪತ್ರಗಳೂ ಸೇರಿವೆ. ಸಮಿತಿಯವರಿಗೆ ಬೇಕಾದುದು ಹುಡುಗಿ ಒಳ್ಳೆಯವಳೆಂಬ ಮಾತಲ್ಲ. ಅವಳು ಕಷ್ಟದ ಕೆಲಸವನ್ನು ಹೇಗೆ ಮಾಡಿದಳು, ತಪ್ಪಾದಾಗ ಹೇಗೆ ತಿದ್ದಿಕೊಂಡಳು ಎಂಬುದಕ್ಕೆ ಕಣ್ಣಾರೆ ಕಂಡವರ ಸಾಕ್ಷಿ. ಅದನ್ನು ಹೇಳಬಲ್ಲವರು ಕಾಲೇಜಿನ ಅಧ್ಯಾಪಕರು, ಅವಳ ಯೋಜನಾಕಾರ್ಯದ ಮಾರ್ಗದರ್ಶಕರು.

"ನಾವು ಬರೆದರೆ ಅವಳಿಗೆ ಕೆಡುಕಾದೀತು" ಎಂದಾಗ ತಂದೆ ನೊಂದುಕೊಂಡರು. "ಅವಳಿಗೆ ಅಕ್ಷರ ಕಲಿಸಿದವರು ನೀವಲ್ಲವೇ ಮೇಷ್ಟ್ರೇ?" ಎಂದರು. ಹೌದು. ಅವಳ ತಮ್ಮನಿಗೆ ಕಲಿಸಲಾರದೆ ಹೋದವರೂ ನಾವೇ. ಈ ಮಾತನ್ನು ಅಂದು ಅವರೆದುರು ಬಾಯಿಬಿಟ್ಟು ಹೇಳಿದೆವು. ಅವರು ಬಹಳ ಹೊತ್ತು ಏನೂ ಹೇಳಲಿಲ್ಲ. ಹೊರಡುವಾಗ, "ಹಾಗಾದರೆ ಆ ಟೀಚರಮ್ಮನನ್ನೇ ಕೇಳಲಿ" ಎಂದರು.

ಪತ್ರ ಕೇಳುವುದಕ್ಕೂ ಒಂದು ರೀತಿಯುಂಟು. ಕೊನೆಯ ದಿನಕ್ಕೆ ಕನಿಷ್ಠ ಒಂದು ತಿಂಗಳ ಮೊದಲೇ ಕೇಳಬೇಕು. ತನ್ನ ಅಂಕಪಟ್ಟಿ, ಉದ್ದೇಶ ಪತ್ರ, ಸೇರಬಯಸುವ ವಿಭಾಗದ ವಿವರಗಳನ್ನು ಜೊತೆಗಿಡಬೇಕು. ಬರೆಯಲು ಮನಸ್ಸಿಲ್ಲದವರನ್ನು ಒತ್ತಾಯಿಸಬಾರದು. ಒಲ್ಲದ ಮನಸ್ಸಿನ ನಾಲ್ಕು ಸಾಲು ಪತ್ರವಿಲ್ಲದುದಕ್ಕಿಂತಲೂ ಕೆಟ್ಟದು.

ಗಡಿ ದಾಟುವ ಕಾಗದಗಳು

ಒಂದು ರಾಜ್ಯದಲ್ಲಿ ಓದಿ ಇನ್ನೊಂದಕ್ಕೆ ಹೋಗುವ ನಮ್ಮ ಮಕ್ಕಳಿಗೆ ಬೇರೆಯವರಿಗಿಲ್ಲದ ತೊಡಕುಗಳುಂಟು. ಹಿಂದಿನ ವಿಶ್ವವಿದ್ಯಾಲಯದ ವಲಸೆ ಪ್ರಮಾಣಪತ್ರ, ವರ್ಗಾವಣೆ ಪತ್ರ, ಸೇರುವ ಕಡೆಯ ಅರ್ಹತಾ ಪತ್ರ—ಇವಕ್ಕೆ ವಾರಗಳೇ ಹಿಡಿಯಬಹುದು. ಫಲಿತಾಂಶ ಬಂದ ಮೇಲೆ ಓಡಾಡುವ ಬದಲು ಮೊದಲೇ ವಿಚಾರಿಸಿಟ್ಟರೆ ಕ್ಷೇಮ. ತಮಿಳುನಾಡಿನ ಹಿಂದುಳಿದ ವರ್ಗದ ಪ್ರಮಾಣಪತ್ರವು ಕರ್ನಾಟಕದ ರಾಜ್ಯ ಮೀಸಲಾತಿಗೆ ಸಾಮಾನ್ಯವಾಗಿ ಸಲ್ಲುವುದಿಲ್ಲ; ಮನೆಯಲ್ಲಿ ಆಡುವ ನುಡಿ ಕನ್ನಡವಾದರೂ ಕಚೇರಿಯ ಲೆಕ್ಕದಲ್ಲಿ ನಾವು ಹೊರರಾಜ್ಯದವರು. ಆದ್ದರಿಂದ ಒಂದೇ ಬಾಗಿಲನ್ನು ನಂಬದೆ, ಗಡಿಯ ಎರಡೂ ಬದಿಯಲ್ಲಿ ಅರ್ಜಿ ಹಾಕುವುದು ಜಾಣತನ. ನಮ್ಮ ಹುಡುಗಿ ನಾಲ್ಕು ಕಡೆ ಹಾಕಿದಳು. ಎರಡು ಕಡೆಯಿಂದ ಇಲ್ಲವೆಂದು ಬಂತು. ಒಂದರಿಂದ ಉತ್ತರವೇ ಬರಲಿಲ್ಲ. ಉದ್ದೇಶ ಪತ್ರ ಕೇಳಿದ್ದ ಕರ್ನಾಟಕದ ಸಂಸ್ಥೆ ಸಂದರ್ಶನಕ್ಕೆ ಕರೆಯಿತು. ಅಲ್ಲಿ ಅರ್ಧ ಗಂಟೆ ಅವರು ಕೇಳಿದ್ದೆಲ್ಲ ಆ ಹನ್ನೆರಡು ಮಕ್ಕಳ ವಿಚಾರವನ್ನೇ. ಅವಳೀಗ ಎರಡನೆಯ ವರ್ಷದಲ್ಲಿದ್ದಾಳೆ.

ತಮ್ಮ ಹತ್ತನೆಯ ತರಗತಿಯನ್ನು ಖಾಸಗಿಯಾಗಿ ಕಟ್ಟಿ ಪಾಸು ಮಾಡಿ, ಕೂನೂರಿನ ಬಳಿ ಮೋಟಾರು ರಿಪೇರಿಯ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದಾನೆ. ದಾರಿಯಲ್ಲಿ ಕಂಡರೆ ಗಾಡಿ ನಿಲ್ಲಿಸಿ ನಮಸ್ಕಾರ ಮಾಡುತ್ತಾನೆ. ಆ ನಮಸ್ಕಾರ ಸ್ವೀಕರಿಸುವುದು ನಮಗೆ ಸುಲಭವಲ್ಲ.

ಕಳೆದ ರಜೆಯಲ್ಲಿ ಹುಡುಗಿ ಬಂದಾಗ, ನಮ್ಮ ಶಾಲೆಯ ಶಿಕ್ಷಕರನ್ನೆಲ್ಲ ಕೂರಿಸಿ, ಓದಲು ತೊಡಕುಪಡುವ ಮಗುವನ್ನು ಗುರುತಿಸುವ ಬಗೆಯನ್ನು ಒಂದು ಮಧ್ಯಾಹ್ನ ಹೇಳಿಕೊಟ್ಟಳು. ನಾವು ಮುಂದಿನ ಬೆಂಚಿನಲ್ಲಿ ಕುಳಿತು ಬರೆದುಕೊಂಡೆವು. ಈಗ ನಮ್ಮಲ್ಲಿ ಪ್ರಗತಿಪತ್ರದ ಆ ಕಾಲಂನಲ್ಲಿ ಮಗುವಿಗೆ ಹೆಸರಿಡುವುದಿಲ್ಲ. ಏನನ್ನು ಓದಬಲ್ಲುದು, ಎಲ್ಲಿ ಎಡವುತ್ತದೆ ಎಂದಷ್ಟೇ ಬರೆಯುತ್ತೇವೆ. ಈ ವರ್ಷ ಎರಡು ಮಕ್ಕಳನ್ನು ಮೈಸೂರಿಗೆ ಕಳುಹಿಸಿದ್ದೇವೆ.

ಗಡಿಯಾಚೆಯ ತಂದೆತಾಯಂದಿರಲ್ಲಿ ನಮ್ಮ ಬಿನ್ನಹ ಇಷ್ಟೇ. ನಿಮ್ಮ ಮಗನೋ ಮಗಳೋ ಈ ವಿದ್ಯೆಯನ್ನು ಬಯಸಿದರೆ ಊರ ಮಾತಿಗೆ ಹೆದರಬೇಡಿ. ಅರ್ಜಿಯನ್ನು ಅವರೇ ಬರೆಯಲಿ; ಕಂಡದ್ದನ್ನು, ಮಾಡಿದ್ದನ್ನು ಬರೆಯಲಿ. ಎರಡು ಮೂರು ನುಡಿಗಳ ನಡುವೆ ಬೆಳೆದದ್ದನ್ನು ಕೊರತೆಯೆಂದು ಮರೆಮಾಚದಿರಲಿ. ಅಂಥದೇ ಮನೆಗಳ ಮಕ್ಕಳನ್ನು ಅರಿಯಲು ಅದೇ ಅವರ ಬಂಡವಾಳ. ಆ ಬರೆಹದಲ್ಲಿ ನಿಮ್ಮ ಇಲ್ಲವೇ ನಮ್ಮಂಥ ಮೇಷ್ಟರ ತಪ್ಪೊಂದು ಕಾಣಿಸಿಕೊಂಡರೆ, ಅದನ್ನು ಅಳಿಸಲು ಹೇಳಬೇಡಿ.